ಯೊಕಾಸ್ತಾಳ ಯಂತ್ರಕ್ಕೆ ಗಾಳಿ

ಶನಿವಾರ ತಲೆ ತೊಳೆಸಿಕೊಳ್ಳದ ಹೆಂಗಸು ನಮ್ಮ ಓಣಿಯಲ್ಲಿಲ್ಲ. ಅದಕ್ಕಾಗಿ, ಚಿಕ್ಕವರೆಲ್ಲ ಗೌರವದಿಂದ ದೋನ್ಯಾ ಎನ್ನುವ ಫೆಮಿಯಾಳ ಸಲೂನು ಬಿಟ್ಟು ಬೇರೆ ಕಡೆ ಹೋಗುವ ಧೈರ್ಯವೂ ಯಾರಿಗೂ ಇಲ್ಲ. ಸಲೂನು ಇರುವುದು ಅವಳ ಮನೆಯ ಮುಂದೆ, ಕಾರು ನಿಲ್ಲಿಸಬೇಕಾದ ಮಾಡಿನ ಕೆಳಗೆ. ಕಾರು ಪಾಪ ರಸ್ತೆಯಲ್ಲೇ ಮಲಗುತ್ತದೆ. ಗೋಡೆಗೆ ಒರಗಿಸಿ ಮೂರು ಡ್ರೈಯರ್ ಕುರ್ಚಿಗಳಿವೆ, ಕೊನೆಯದು ನನ್ನದು. ನಾನು ದಿಗ್ನಾ, ಪಕ್ಕದ ಮನೆಯವಳು. ಎರಡು ಮನೆಗೂ ನಡುವೆ ಒಂದೇ ಗೋಡೆ. ಹಾಗಾಗಿ ಆ ಮನೆಯ ಜಗಳ ನನ್ನ ಕಿವಿಗೆ ಬಿದ್ದರೆ ಅದು ನನ್ನ ತಪ್ಪಲ್ಲ, ಗೋಡೆ ಕಟ್ಟಿದವನದು.

ಆ ಶನಿವಾರ ಫೆಮಿಯಾ ನನ್ನನ್ನು ಡ್ರೈಯರಿನಿಂದ ಎಬ್ಬಿಸಿ, ಕೂದಲನ್ನು ತಲೆಯ ಸುತ್ತ ಬಿಗಿಯಾಗಿ ಸುತ್ತಿ, ಪಿನ್ನು ಚುಚ್ಚಿ, ಅದರ ಮೇಲೆ ನೈಲಾನ್ ಕಾಲುಚೀಲ ಕತ್ತರಿಸಿ ಮಾಡಿದ ಟೋಪಿ ಎಳೆಯುತ್ತಿದ್ದಳು. ಟೋಪಿ ಹಾಕದೆ ಯಾರನ್ನೂ ಅವಳು ಹೊಸ್ತಿಲು ದಾಟಿಸುವುದಿಲ್ಲ. ಅಷ್ಟರಲ್ಲಿ ಪರದೆಯ ಹಿಂದಿನ ನಡುಕೋಣೆಯಿಂದ ಕಂಪ್ಯೂಟರಿನ ಗೊರಗೊರ ಕೇಳಿತು. ಹಳೇ ಲಾರಿ ದಿಬ್ಬ ಹತ್ತುವ ಹಾಗೆ ಏರುತ್ತಾ ಹೋಗಿ ಒಮ್ಮೆಲೇ ನಿಂತಿತು.

ಮೊಮ್ಮಗಳು ಯೊಕಾಸ್ತಾ ಪರದೆ ಸರಿಸಿ ಬಂದಳು. "ಮತ್ತೆ ಆಫ್ ಆಯ್ತು. ಬೆಳಿಗ್ಗೆಯಿಂದ ಬೆಂದಿದ್ದೆಲ್ಲ ನೀರುಪಾಲು."

ಬೇಯುವುದು ಎಂಬುದು ಆ ಮನೆಯಲ್ಲಿ ಹುಟ್ಟಿದ ಮಾತು. ಇನ್ನೂ ಕಟ್ಟಿಯೇ ಇಲ್ಲದ ಕಟ್ಟಡದೊಳಗೆ ನಾವೇ ನಡೆದಾಡಿದ ಹಾಗೆ ತೋರಿಸುವ ಚಿತ್ರಗಳನ್ನು ಯೊಕಾಸ್ತಾ ಮಾಡುತ್ತಾಳೆ. ಅವಳು ಗೋಡೆ, ಕಿಟಕಿ, ಸೋಫಾ ಎಲ್ಲ ಜೋಡಿಸಿಟ್ಟ ಮೇಲೆ ಯಂತ್ರ ತಾನೇ ತಾನಾಗಿ ಗಂಟೆಗಟ್ಟಲೆ ಕೂತು ಚಿತ್ರ ತಯಾರಿಸಬೇಕು. ನಡುವೆ ನಿಂತರೆ ಮೊದಲಿನಿಂದ ಶುರು. ಅವಳ ತಾಯಿ ಮಿರೇಯಾ ಅದನ್ನು ಬೇಳೆಯ ಲೆಕ್ಕದಲ್ಲಿ ಹೇಳಿ ಹೇಳಿ, ಈಗ ಎಲ್ಲರೂ ಹಾಗೇ ಹೇಳುತ್ತಾರೆ.

ಮಧ್ಯಾಹ್ನ ಊಟಕ್ಕೆ ನನ್ನನ್ನೂ ಕೂರಿಸಿಕೊಂಡರು. ಅನ್ನ, ಕೆಂಪು ಹುರುಳಿಕಾಯಿ ಬೀಜದ ಸಾರು, ಕೋಳಿ. ಮನೆಯ ಯಜಮಾನ, ಫೆಮಿಯಾಳ ಮಗ ರಾದಾಮೆಸ್ ಶೇರ್ ಟ್ಯಾಕ್ಸಿ ಓಡಿಸುವವನು, ಊಟದ ಹೊತ್ತಿಗೆ ಸವಾರಿ ಇಳಿಸಿ ಬಂದುಬಿಡುತ್ತಾನೆ. ತಟ್ಟೆ ಮುಂದೆ ಕೂತ ತಕ್ಷಣ ಮಗಳು ವಿಷಯ ಎತ್ತಿದಳು.

"ನಾಲ್ಕು ಫ್ಯಾನು ಹೊಸದು ಹಾಕ್ಬೇಕು ಅಪ್ಪ. ಒಳಗಿರೋವು ಸತ್ತಿವೆ. ಬಿಸಿ ಗಾಳಿ ಹೊರಗೆ ಹೋಗಲ್ಲ, ಯಂತ್ರ ಕಾದು ಕಾದು ಆಫ್ ಆಗುತ್ತೆ."

"ಫ್ಯಾನಾ?" ಎಂದಳು ಫೆಮಿಯಾ. "ನನ್ನ ಸಲೂನಿನ ಸೀಲಿಂಗ್ ಫ್ಯಾನು ಹೋದ ಮಳೆಗಾಲದಿಂದ ಸುಮ್ಮನೆ ನೇತಾಡ್ತಾ ಇದೆ. ಕಾಸು ಕೊಟ್ಟು ಬರೋ ಹೆಂಗಸರು ರಟ್ಟು ಬೀಸ್ಕೊಂಡು ಕೂರ್ತಾರೆ. ಮನುಷ್ಯರಿಗಿಲ್ಲದ ಗಾಳಿ ಆ ಪೆಟ್ಟಿಗೆಗೆ ಬೇಕಂತೆ."

"ಮನುಷ್ಯರು ಬೆವರ್ತಾರೆ, ಬದುಕ್ಕೋತಾರೆ. ಪೆಟ್ಟಿಗೆ ಬೆವರಲ್ಲ ಅಜ್ಜಿ."

"ಬೆವರದೇ ಇರೋದಕ್ಕೆ ಗಾಳಿ ಯಾಕೆ?"

ರಾದಾಮೆಸ್ ನಕ್ಕು, ಪಾತ್ರೆಯ ತಳ ಹಿಡಿದ ಗರಿಗರಿ ಅನ್ನಕ್ಕೆ ಕೈ ಹಾಕಿದ. ಮಿರೇಯಾ ನಗಲಿಲ್ಲ. "ಬಾವಾರೊದಿಂದ ಯುದೆಲ್ಕಾ ಮತ್ತೆ ಫೋನ್ ಮಾಡಿದ್ಲು," ಎಂದಳು. ಯುದೆಲ್ಕಾ ಅವಳ ತಂಗಿ, ಸಮುದ್ರದ ದಂಡೆಯ ದೊಡ್ಡ ಹೋಟೆಲಿನಲ್ಲಿ ಕೆಲಸಕ್ಕಿರುವವಳು. "ಬಂದವರನ್ನ ಬರಮಾಡ್ಕೊಳ್ಳೋ ಮೇಜಿಗೆ ಹುಡುಗಿ ಬೇಕಂತೆ. ಇವಳಿಗೆ ಇಂಗ್ಲಿಷು ಬರುತ್ತೆ, ಮುಖ ಚೆನ್ನಾಗಿದೆ. ಇರೋಕೆ ಹಾಸಿಗೆ ಕೂಡ ಹಿಡಿದಿಟ್ಟಿದ್ದಾಳೆ."

"ಒಂದೇ ಕೋಣೇಲಿ ಎಂಟು ಹುಡುಗೀರ ಹಾಸಿಗೆ ಅಮ್ಮ."

"ಎಂಟು ಜನಕ್ಕೂ ತಿಂಗಳ ಸಂಬಳ ಬರುತ್ತೆ."

ಯೊಕಾಸ್ತಾ ಚಮಚ ಕೆಳಗಿಟ್ಟಳು. "ಮುಂದಿನ ತಿಂಗಳ ಕೊನೆ ಶನಿವಾರ ಇಂಜಿನಿಯರ್ ಪೆಗೇರೊ ಕೈಗೆ ಚಿತ್ರ ಕೊಡ್ಬೇಕು. ಕೊಟ್ರೆ ಅವರ ಇಡೀ ಕಟ್ಟಡದ ಕೆಲಸ ನಂದು, ಇದೇ ಮೇಜಲ್ಲಿ ಕೂತು ಮಾಡ್ತೀನಿ. ಕೊಡೋಕಾಗ್ದಿದ್ರೆ ಬಾವಾರೊ ಬಸ್ಸು ನಾನೇ ಹತ್ತುತ್ತೀನಿ, ಯಾರೂ ನೂಕಬೇಕಾಗಿಲ್ಲ. ಅಲ್ಲೀವರೆಗೆ ಆ ಹೋಟೆಲಿನ ಸುದ್ದಿ ಈ ಮೇಜಿನ ಮೇಲೆ ಬೇಡ."

ಮಿರೇಯಾ ಒಪ್ಪಿದಳು. ಹಟ ಯಾರಿಂದ ಬಂದದ್ದು ಎಂಬಂತೆ ಅತ್ತೆಯ ಕಡೆ ಒಮ್ಮೆ ನೋಡಿ ಪಾತ್ರೆ ಎತ್ತಿದಳು.

ಮೊದಲ ಮದ್ದು ರಾದಾಮೆಸನದು. ಕಾರಿನ ಇಂಜಿನು ಕಾದರೆ ಬಾನೆಟ್ ಎತ್ತಿ ನಿಲ್ಲುವವನು ಅವನು. ಯಂತ್ರದ ಪಕ್ಕದ ತಗಡು ಬಿಚ್ಚಿ ಗೋಡೆಗೆ ಒರಗಿಸಿದ, ಸಲೂನಿನ ಸ್ಟ್ಯಾಂಡ್ ಫ್ಯಾನು ಎತ್ತಿಕೊಂಡು ಹೋಗಿ ಅದರ ಹೊಟ್ಟೆಗೇ ತಿರುಗಿಸಿಟ್ಟ. "ಹೊಸ ಫ್ಯಾನು ಗೀನು ಏನೂ ಬೇಡ," ಎಂದು ಕೈ ಒರೆಸಿಕೊಂಡ. ಒಂದೆರಡು ದಿನ ನಿಜಕ್ಕೂ ಯಂತ್ರ ಓಡಿತು. ನಾವು ಹೆಂಗಸರು ಮಾತ್ರ ಇದ್ದ ಒಂದು ಫ್ಯಾನೂ ಹೋಗಿ ರಟ್ಟು ಬೀಸುತ್ತಾ ಅವನನ್ನು ಮನಸಾರೆ ಬೈದೆವು.

ಆಮೇಲೊಂದು ಮಧ್ಯಾಹ್ನ ಯೊಕಾಸ್ತಾ ಚಿತ್ರ ಬೇಯಲು ಬಿಟ್ಟು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಯಂತ್ರ ಆರಿ ಕೂತಿತ್ತು. ಸ್ಟ್ಯಾಂಡ್ ಫ್ಯಾನು ಗೋಡೆಯ ಕಡೆ ತಿರುಗಿತ್ತು. ಯಂತ್ರದ ಮೇಲೆ ತಲೆ ಒರೆಸುವ ದಪ್ಪ ಟವೆಲ್ಲು, ಮಗುವಿಗೆ ಹೊದಿಸಿದ ಹಾಗೆ, ನಾಲ್ಕೂ ಕಡೆ ಸಿಕ್ಕಿಸಿ ಹೊದಿಸಿತ್ತು.

"ಯಾರು ಮಾಡಿದ್ದು ಇದನ್ನ?"

"ನಾನೇ," ಎಂದಳು ಫೆಮಿಯಾ. "ಮುಟ್ಟಿ ನೋಡ್ದೆ. ಕೆಂಡ ಆಗಿತ್ತು. ಅಷ್ಟು ಕಾದಿದ್ದಕ್ಕೆ ತಣ್ಣನೆ ಗಾಳಿ ಹೊಡೆದ್ರೆ ಪಾಸ್ಮೊ ಆಗಿ ಬಾಯಿ ಸೊಟ್ಟಗಾಗ್ದೆ ಇರುತ್ತಾ? ನಿಧಾನಕ್ಕೆ ಆರಲಿ ಅಂತ ಹೊದಿಸ್ದೆ."

"ಪಾಸ್ಮೊ ಮನುಷ್ಯರಿಗೆ ಅಜ್ಜಿ! ಇದು ತಗಡು!"

"ಮನುಷ್ಯರಿಗೆ ಬರೋದು ತಗಡಿಗೆ ಬರಲ್ಲ ಅಂತ ನಿನಗೆ ಯಾರು ಹೇಳಿದ್ರು? ಕಾದ ಬಾಣಲೆ ನೀರಿಗೆ ಹಿಡಿ, ಸೊಟ್ಟಗಾಗುತ್ತೋ ಇಲ್ವೋ ನೋಡು."

"ನೀನು ಹಳೇ ಕಾಲದಲ್ಲೇ ಇರು. ನನ್ನ ಮೇಜಿನ ಹತ್ತಿರ ಬರಬೇಡ."

ಫೆಮಿಯಾ ಪರದೆ ಸರಿಸಿ ಬಂದು ಒಂದು ಡ್ರೈಯರ್ ಕುರ್ಚಿಯ ಬೆನ್ನಿಗೆ ಕೈಯಿಟ್ಟಳು. "ಬೆಲ್ಹಿಕಾ ಇದೇ ಕುರ್ಚಿಯಿಂದ ಎದ್ದು ಹೋದವಳು," ಎಂದಳು.

ಬೆಲ್ಹಿಕಾ ಅವಳ ತಂಗಿ. ಮದುವೆಗೆ ಮುಂಚಿನ ದಿನ ಡ್ರೈಯರ್ ಕೆಳಗಿಂದ ಎದ್ದು, ಅವಸರದಲ್ಲಿ ಟೋಪಿ ಇಲ್ಲದೆ ಮಳೆಗೆ ಹೋದಳು. ಮರುದಿನ ಬೆಳಿಗ್ಗೆ ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಹಾಗೇ ಮದುವೆಯಾದಳು, ಎಲ್ಲ ಫೋಟೋಗಳಲ್ಲೂ ಮುಖ ತಿರುಗಿಸಿಯೇ ನಿಂತಿದ್ದಾಳೆ. ಡಾಕ್ಟರು ನರ ಗಿರ ಎಂದು ಏನೇನೋ ಹೇಳಿದರು. ನಗುವವರು ನಗಲಿ, ನಾನಂತೂ ಡ್ರೈಯರಿನಿಂದ ಎದ್ದ ಮೈಯಲ್ಲಿ ಫ್ರಿಜ್ಜಿನ ಬಾಗಿಲು ಮುಟ್ಟುವವಳಲ್ಲ. ಟೋಪಿ ಹಾಕದೆ ಕಳಿಸಿದವಳು ತಾನೇ ಎಂದು ಫೆಮಿಯಾ ಇವತ್ತಿಗೂ ಕೊರಗುತ್ತಾಳೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ಯೊಕಾಸ್ತಾಗೆ ಈ ಕಥೆ ಗೊತ್ತಿತ್ತು. ಕ್ಷಮೆ ಕೇಳಲಿಲ್ಲ, ಆದರೆ ಟವೆಲ್ಲನ್ನು ಎಸೆಯದೆ ಮಡಿಸಿ ಅಜ್ಜಿಯ ಕೈಗೆ ಕೊಟ್ಟಳು.

ಆ ವಾರವೇ ಓಣಿಯ ಹೆಂಗಸರ ಚೀಟಿ ಫೆಮಿಯಾಳ ಸರದಿಗೆ ಬಂತು. ಅದರಲ್ಲಿ ತನ್ನ ಫ್ಯಾನುಗಳಿಗೂ ಏನಾದರೂ ಸಿಕ್ಕೀತೆಂದು ಹುಡುಗಿ ಕಾದಿದ್ದಳು. ಸೋಮವಾರ ಒಬ್ಬ ಬಂದು ಏಣಿ ಹಾಕಿ ಸಲೂನಿಗೆ ಹೊಸ ಸೀಲಿಂಗ್ ಫ್ಯಾನು ಕಟ್ಟಿ ಹೋದ. ಐದು ರೆಕ್ಕೆ, ಬಂಗಾರದ ಅಂಚು. ಕೆಳಗೆ ನಿಂತು ನೋಡಿ ನನಗೂ ಮದುವೆ ಮನೆಗೆ ಬಂದ ಹಾಗಾಯಿತು.

ಯೊಕಾಸ್ತಾ ಅದರ ಕೆಳಗೆ ಬಂದು ನಿಂತಳು. "ಚೆನ್ನಾಗಿದೆ ಅಜ್ಜಿ."

"ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದೀಯ? ನನ್ನ ಚೀಟಿ ನನ್ನ ಸಲೂನಿಗೆ. ನಿನ್ನ ಪೆಟ್ಟಿಗೆಗೆ ನೀನು ದುಡಿ. ಶನಿವಾರ ತಲೆ ತೊಳೆಯೋಕೆ ನಿಲ್ಲು. ಬಂದವರು ಕೈಗಿಟ್ಟಿದ್ದೆಲ್ಲ ನಿಂದು."

"ಸರಿ. ಎಷ್ಟು ಹೊತ್ತಿಗೆ ಬರ್ಬೇಕು?"

ಇಷ್ಟು ಬೇಗ ಒಪ್ಪುತ್ತಾಳೆಂದು ಫೆಮಿಯಾ ಎಣಿಸಿರಲಿಲ್ಲ.

ಹುಡುಗಿ ನಿಜವಾಗಿ ನಿಂತಳು. ಶನಿವಾರ ಬೆಳಕು ಹರಿಯುವಾಗ ಏಪ್ರನ್ ಕಟ್ಟಿಕೊಂಡರೆ, ಊಟಕ್ಕೂ ಕೂರದೆ ತಲೆ ಮೇಲೆ ತಲೆ ತೊಳೆಯುವಳು. ವಾರದ ನಡುವೆ ಮದುವೆ ಗಿದುವೆ ಅಂತ ಯಾರಾದರೂ ಬಂದರೂ ಸರಿ. ಬೆರಳ ತುದಿ ಸುಕ್ಕಾಗಿ ಬೆಳ್ಳಗಾದವು. ಮೊದಲ ದಿನ ನನ್ನ ಕಿವಿಗೆ ನೀರು ತುಂಬಿಸಿದಳು. ಎರಡನೇ ವಾರಕ್ಕೆ ನಾನು ಅವಳ ಕೈ ಕೆಳಗೆ ನಿದ್ದೆ ಹೋಗಿದ್ದೆ. ಕುತ್ತಿಗೆಯ ಹಿಂದೆ ಎಲ್ಲಿ ಒತ್ತಬೇಕೆಂದು ಆ ಕೈಗೆ ಯಾರೂ ಹೇಳಿಕೊಡದೆ ಗೊತ್ತಿತ್ತು. ಫೆಮಿಯಾ ಅದನ್ನು ರೋಲರ್ ಸುತ್ತುತ್ತಲೇ ಗಮನಿಸುತ್ತಿದ್ದಳು.

ಒಂದು ದಿನ ಹಿತ್ತಲಲ್ಲಿ ಬಾಳೆಕಾಯಿ ಸುಲಿಯುತ್ತಾ ಸೊಸೆಗೆ ಹೇಳಿದ್ದು ಗೋಡೆಯ ಮೂಲಕ ನನಗೂ ಬಂತು.

"ಆ ಚಿತ್ರ ಆಗ್ದಿದ್ರೆ ಬಾವಾರೊ ಯಾಕೆ ಮಿರೇಯಾ? ಇಲ್ಲೇ ಇರಲಿ. ಅವಳ ಕೈ ನನ್ನ ಕೈ. ನನಗೆ ಸೊಂಟ ಬಗ್ಗಲ್ಲ ಇನ್ನು. ಸಲೂನು ಅವಳಿಗೇ ಕೊಡ್ತೀನಿ."

"ಅವಳು ಒಪ್ಪಬೇಕಲ್ಲ ಅತ್ತೆ."

"ಚಿತ್ರ ಆಗ್ದಿದ್ರೆ ಒಪ್ತಾಳೆ."

ನಾನು ನನ್ನ ಒಲೆಯ ಮುಂದೆ, ಪಾಪ ಆ ಯಂತ್ರ ಓಡಲಿ ಎಂದು ಬೇಡಿಕೊಳ್ಳಬೇಕೋ ಬೇಡವೋ ತಿಳಿಯದೆ ನಿಂತೆ.

ಗಡುವಿಗೆ ಇನ್ನೊಂದು ವಾರ ಇರುವಾಗ ಫ್ಯಾನುಗಳು ಬಂದವು. ರಾದಾಮೆಸ್ ರಾಜಧಾನಿಗೆ ಸವಾರಿ ಹೋದಾಗ ಮಗಳ ದುಡ್ಡಿನಲ್ಲಿ ಕೊಂಡು ತಂದ. ಕಪ್ಪಗೆ, ಚೌಕವಾಗಿ, ಕೈಯಗಲದ ನಾಲ್ಕು ಫ್ಯಾನು. ಊಟದ ಮೇಜಿನ ಮೇಲೆ ಹಳೇ ಬಟ್ಟೆ ಹಾಸಿ ಯಂತ್ರವನ್ನು ಮಲಗಿಸಿ ಬಿಚ್ಚಿದರು. ಇಂಥದ್ದಕ್ಕೆ ನಾನು ಕರೆಯದೆ ಬರುತ್ತೇನೆ.

ಹಳೆಯ ಫ್ಯಾನುಗಳು ಕಾಣಲೇ ಇಲ್ಲ. ಇದ್ದ ಜಾಗದಲ್ಲಿ ಬೂದು ಬಣ್ಣದ ಕಂಬಳಿ ಇತ್ತು. ಯೊಕಾಸ್ತಾ ಚಿಮಟ ಹಾಕಿ ಎಳೆದಳು. ಅದು ಅಂಟಂಟಾಗಿ ಎದ್ದು ಬಂತು. ಕಂಬಳಿಯಲ್ಲ, ಕೂದಲು. ಕತ್ತರಿಸಿದ ತುದಿಗಳು, ಉದುರಿದ ಎಳೆಗಳು, ಅದೆಲ್ಲವನ್ನೂ ಸ್ಪ್ರೇ ಅಂಟು ಸೇರಿಸಿ ಗಟ್ಟಿ ಮಾಡಿತ್ತು. "ನಮ್ಮಪ್ಪನ ಮದ್ದಿನ ದೆಸೆಯಿಂದ," ಎಂದಳು ಯೊಕಾಸ್ತಾ. ಸ್ಟ್ಯಾಂಡ್ ಫ್ಯಾನು ಇಡೀ ಸಲೂನನ್ನು ಅದರ ಹೊಟ್ಟೆಗೆ ಊದಿತ್ತು.

ಮಿರೇಯಾ ಒಂದು ಎಳೆ ಬೆಳಕಿಗೆ ಹಿಡಿದಳು. "ಈ ತಾಮ್ರದ ಬಣ್ಣ ಓಣಿಯಲ್ಲಿ ಒಬ್ಬರದೇ."

ಎಲ್ಲರೂ ನನ್ನ ಕಡೆ ನೋಡಿದರು. "ಬಣ್ಣ ಹಾಕಿದ್ದು ನಿಮ್ಮತ್ತೆ," ಎಂದೆ.

ರಾದಾಮೆಸನಿಗೆ ಹುರುಪು ಬಂತು. "ನೋಡು, ಕೊಳೆ ತೆಗೆದ್ರೆ ಮುಗೀತು. ಹಳೇವೇ ಓಡ್ತವೆ. ಹೊಸವು ವಾಪಸ್ ಕೊಟ್ಟು ಬರ್ತೀನಿ."

"ಕೊಟ್ಬಿಡಿ," ಎಂದಳು ಮಿರೇಯಾ. "ಒಳ್ಳೇ ಜೊತೆ ಚಪ್ಪಲಿಯಾದ್ರೂ ಬರುತ್ತೆ. ಬಾವಾರೊಗೆ ಹೋದ್ರೆ ಬೇಕಾಗುತ್ತೆ."

"ಹೋಟೆಲಿನ ಸುದ್ದಿ ಬೇಡ ಅಂದಿದ್ದೆ," ಎಂದಳು ಯೊಕಾಸ್ತಾ. ಆದರೂ ಅಪ್ಪನ ಮಾತಿಗೆ ಬೆಲೆ ಕೊಟ್ಟು ಹಳೆಯವನ್ನೇ ತೊಳೆದು, ಒರೆಸಿ, ಹಾಕಿ ನೋಡಿದಳು. ಊಟ ಮುಗಿಯುವ ತನಕ ಸದ್ದಿಲ್ಲದೆ ಓಡಿತು. ಕಾಫಿ ಬರುವ ಹೊತ್ತಿಗೆ ಗೊರಗೊರ ಶುರುವಾಯಿತು, ಕಪ್ಪು ಖಾಲಿಯಾಗುವ ಮುಂಚೆ ಆರಿತು. ಅವುಗಳ ನಡುಗೂಟವೇ ಸವೆದು ಹೋಗಿತ್ತು.

"ಹೊಸದೇ ಹಾಕ್ತೀನಿ. ಮುಗೀತು."

"ಹಾಕು," ಎಂದ ಅಪ್ಪ. "ಆದ್ರೆ ಸಲೂನು ಅಲ್ಲೇ ಇರುತ್ತೆ. ಇವೂ ಕೂದಲು ತಿಂದು ಸಾಯೋಕೆ ಎಷ್ಟು ದಿನ ಬೇಕು?"

ಯಂತ್ರವನ್ನು ಬೇರೆಲ್ಲಿ ಇಡಬಹುದೆಂದು ಎಲ್ಲರೂ ಲೆಕ್ಕ ಹಾಕಿದರು. ಹಿಂದಿನ ಕೋಣೆಗೆ ತಗಡಿನ ಸೂರು, ಅಲ್ಲಿ ಯಂತ್ರವಿರಲಿ ಮನುಷ್ಯರೂ ಮಧ್ಯಾಹ್ನ ಕೂರಲಾರರು. ಪರದೆಯ ಜಾಗದಲ್ಲಿ ಬಾಗಿಲಿಟ್ಟರೆ ನಡುಕೋಣೆಗೆ ಗಾಳಿಯೇ ಇಲ್ಲ. ಯೊಕಾಸ್ತಾ ತಡೆದು ತಡೆದು, "ಈ ಒಂದು ವಾರ ಸಲೂನು ಮುಚ್ಚಿದ್ರೆ..." ಎಂದಳು.

"ನನ್ನ ಹೆಣ ಎತ್ತಿದ ದಿನ ಮುಚ್ಚು," ಎಂದು ಫೆಮಿಯಾ ಎದ್ದು ಹೋದಳು.

ಹೋದವಳು ತಿರುಗಿ ಬಂದಳು. ಕೈಯಲ್ಲಿ ಹೊಸ ನೈಲಾನ್ ಕಾಲುಚೀಲದ ಪೊಟ್ಟಣ, ಇನ್ನೊಂದು ಕೈಯಲ್ಲಿ ಕತ್ತರಿ. ಒಂದು ಫ್ಯಾನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ, "ಗಾಳಿ ಒಳಗೆ ಹೋಗೋದು ಯಾವ ಕಡೆಯಿಂದ?" ಎಂದು ಕೇಳಿದಳು.

ಹುಡುಗಿ ತೋರಿಸಿದಳು. ಫೆಮಿಯಾ ಕಾಲುಚೀಲ ಕತ್ತರಿಸಿ, ಆ ಮುಖದ ಮೇಲೆ ಎಳೆದು, ಸುಕ್ಕಿಲ್ಲದೆ ಬಿಗಿದು, ಅಂಚಿಗೆ ಗಂಟು ಹಾಕಿದಳು. ನನ್ನ ತಲೆಗೆ ಮಾಡುವುದಕ್ಕಿಂತ ಹೆಚ್ಚು ಮುತುವರ್ಜಿಯಿಂದ ಮಾಡಿದಳು.

"ಟೋಪಿ ಇಲ್ದೆ ನನ್ನ ಸಲೂನಿಂದ ಯಾರೂ ಗಾಳಿಗೆ ಹೋಗಲ್ಲ. ಇದೂ ಅಷ್ಟೇ. ಟೋಪಿ ಹಾಕು, ಆಮೇಲೆ ಎಷ್ಟು ಬೇಕಾದ್ರೂ ತಣ್ಣನೆ ಗಾಳಿ ಕೊಡು."

ಯೊಕಾಸ್ತಾ ಫ್ಯಾನನ್ನು ಕಣ್ಣಿಗೆ ಹಿಡಿದು ನೋಡಿದಳು. ಗಾಳಿ ದಾಟುತ್ತದೆ, ಕೂದಲು ದಾಟುವುದಿಲ್ಲ. ಅಜ್ಜಿಯನ್ನು ನೋಡಿದಳು, ಮತ್ತೆ ಫ್ಯಾನನ್ನು ನೋಡಿದಳು. "ಒಳಗೆ ಊದೋವು ಎರಡು. ಇನ್ನೊಂದಕ್ಕೂ ಮಾಡ್ಕೊಡು ಅಜ್ಜಿ," ಎಂದಳು. ಹಳೇ ಕಾಲದ ಮಾತಿಗೆ ಅವಳು ಕೇಳಿದ ಕ್ಷಮೆ ಅದೇ.

ಕೊನೆಯ ಶನಿವಾರ ಬಂತು. ಹೊಸ ಫ್ಯಾನುಗಳ ಸದ್ದು ಎಷ್ಟು ಸಣ್ಣದೆಂದರೆ, ಮಿರೇಯಾ ಆಗಾಗ ಪರದೆ ಸರಿಸಿ ಯಂತ್ರ ಬದುಕಿದೆಯೇ ಎಂದು ನೋಡಿ ಬರುತ್ತಿದ್ದಳು. ಬೇಯುವುದು ಬಹುತೇಕ ಮುಗಿದಿತ್ತು, ಮಧ್ಯಾಹ್ನದ ಊಟದ ಹೊತ್ತಿಗೆ ಆಗಿಬಿಡುತ್ತದೆ ಎಂದಿದ್ದಳು ಹುಡುಗಿ. ಪೆಗೇರೊ ಸಂಜೆ ವಿಮಾನ ಹತ್ತುವವರಿದ್ದರು. ರಾದಾಮೆಸ್ ಸವಾರಿ ಬಿಟ್ಟು ಕಾರನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡಿದ್ದ. ಸಲೂನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಐದು ರೆಕ್ಕೆಯ ಫ್ಯಾನಿನ ಕೆಳಗೆ ನಾವೆಲ್ಲ ರಾಣಿಯರಂತೆ ಕೂತಿದ್ದೆವು.

ಆಗ ಕರೆಂಟು ಹೋಯಿತು.

ಡ್ರೈಯರುಗಳು ನಿಂತವು. ಒಳಗೆ ಇನ್ವರ್ಟರು ಎದ್ದಿತು. ಸೀಲಿಂಗ್ ಫ್ಯಾನು, ಸ್ಟ್ಯಾಂಡ್ ಫ್ಯಾನು, ಫ್ರಿಜ್ಜು, ಯಂತ್ರ ಎಲ್ಲ ಅದರ ಮೇಲೆ ಓಡತೊಡಗಿದವು. ಸ್ವಲ್ಪ ಹೊತ್ತಿಗೆ ಅದು ಕೂಗಲು ಶುರುಮಾಡಿತು. ರಾದಾಮೆಸ್ ಓಡಿ ಹೋಗಿ ನೋಡಿ ಬಂದ.

"ಹಳೇ ಬ್ಯಾಟರಿ. ಇಷ್ಟೆಲ್ಲ ಎಳೆಯಲ್ಲ. ಎಲ್ಲಾನೂ ಒಟ್ಟಿಗೆ ಬಿದ್ದು ಹೋಗುತ್ತೆ."

ಯೊಕಾಸ್ತಾ ಪರದೆಯ ಬಳಿ ಬಂದು ನಿಂತಳು. ಕೈಯಲ್ಲಿ ಶಾಂಪೂ ನೊರೆ ಇನ್ನೂ ಇತ್ತು. ಸೀಲಿಂಗ್ ಫ್ಯಾನನ್ನೂ ಅಜ್ಜಿಯನ್ನೂ ನೋಡಿದಳು. ಸಲೂನು ಅಜ್ಜಿಯದು, ಫ್ಯಾನು ಅಜ್ಜಿಯ ಚೀಟಿಯದು, ಬೆವರುವವರು ಅಜ್ಜಿಯ ಗಿರಾಕಿಗಳು. ಇನ್ವರ್ಟರು ಕೂಗುತ್ತಲೇ ಇತ್ತು. ಫೆಮಿಯಾ ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ನಿಂತಿದ್ದರೆ ಸಾಕು, ಚಿತ್ರ ತಾನಾಗಿ ಹೋಗುತ್ತಿತ್ತು, ಹುಡುಗಿ ತೊಟ್ಟಿಯ ಮುಂದೆ ಉಳಿಯುತ್ತಿದ್ದಳು. ಇದು ಗೊತ್ತಿದ್ದದ್ದು ಅವಳಿಗೆ, ಮಿರೇಯಾಗೆ, ಗೋಡೆಯಿಂದಾಗಿ ನನಗೆ.

ಫೆಮಿಯಾ ಬಾಚಣಿಗೆ ಕೆಳಗಿಟ್ಟು ಹೋಗಿ ಸೀಲಿಂಗ್ ಫ್ಯಾನು ಆಫ್ ಮಾಡಿದಳು. ಸ್ಟ್ಯಾಂಡ್ ಫ್ಯಾನಿನ ಪ್ಲಗ್ಗು ಕಿತ್ತಳು. ಒಳಗೆ ಹೋಗಿ ಫ್ರಿಜ್ಜಿನದ್ದೂ ಕಿತ್ತಳು. ಕೂಗು ನಿಂತಿತು. ಪರದೆಯ ಹಿಂದೆ ಸಣ್ಣ ಸದ್ದು ಮಾತ್ರ ಉಳಿಯಿತು.

"ಫೆಮಿಯಾ, ನಾವಿಲ್ಲಿ ಬೆಂದು ಹೋಗ್ತೀವಿ," ಎಂದಳು ಒಬ್ಬಳು.

"ರಟ್ಟು ಮೂಲೇಲಿದೆ, ತಗೊಂಡು ಬೀಸ್ಕೊ. ಒಳಗೆ ಹುಡುಗಿ ಚಿತ್ರ ಡ್ರೈಯರ್ ಕೆಳಗಿದೆ. ಅರ್ಧಕ್ಕೆ ಎಬ್ಬಿಸೋದು ನನ್ನ ಸಲೂನಲ್ಲಿ ಇಲ್ಲ."

ಯಾರೂ ಎದ್ದು ಹೋಗಲಿಲ್ಲ. ರೋಲರ್ ಸುತ್ತಿದ ಒದ್ದೆ ತಲೆಗಳಲ್ಲಿ, ಬೆವರು ಬ್ರಾದೊಳಗೆ ಇಳಿಯುತ್ತಾ, ರಟ್ಟು ಬೀಸುತ್ತಾ ಕೂತೆವು. ಮಿರೇಯಾ ಎಲ್ಲರಿಗೂ ನಿಂಬೆ ಪಾನಕ ತಂದಳು. ಕರೆಂಟು ಬರಲಿಲ್ಲ. ಕೊನೆಗೆ ಒಳಗಿನಿಂದ ಯೊಕಾಸ್ತಾ, "ಆಯ್ತು," ಎಂದಳು, ಜೋರಾಗೇನೂ ಅಲ್ಲ. ಇಡೀ ಸಲೂನು ಚಪ್ಪಾಳೆ ತಟ್ಟಿತು, ನನ್ನ ಎರಡು ರೋಲರ್ ಬಿದ್ದುಹೋದವು.

ಚಿತ್ರವನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಹೊರಟವಳು, ಮೈಯೆಲ್ಲ ಬೆವರಿ, ತಣ್ಣೀರಿಗೆಂದು ಫ್ರಿಜ್ಜಿಗೆ ಕೈ ಹಾಕಿದಳು. ಫೆಮಿಯಾ ಆ ಕೈಗೆ ಪಟ್ಟೆಂದು ಹೊಡೆದು, ಕೊಡದಲ್ಲಿದ್ದ ಉಗುರುಬೆಚ್ಚನೆ ನೀರು ಕೊಟ್ಟಳು. ಹುಡುಗಿ ನಿಂತಲ್ಲೇ ಪೂರ್ತಿ ಕುಡಿದು, ಲೋಟ ಕೊಟ್ಟು, ಅಪ್ಪನ ಕಾರು ಹತ್ತಿದಳು.

ಇಂಜಿನಿಯರು ಒಪ್ಪಿದರು, ಇಡೀ ಕಟ್ಟಡದ ಕೆಲಸ ಕೊಟ್ಟರು. ಆ ಸಂಜೆ ಮಿರೇಯಾ ಬಾವಾರೊಗೆ ಫೋನು ಮಾಡಿ, "ಆ ಹಾಸಿಗೆ ಬೇರೆ ಯಾರಿಗಾದ್ರೂ ಕೊಡು ಯುದೆಲ್ಕಾ," ಎಂದದ್ದು ಗೋಡೆಯ ಈಚೆಗೂ ಕೇಳಿತು. ಆಮೇಲೆ ಅವಳು ಮೂಗು ಒರೆಸಿಕೊಂಡದ್ದೂ ಕೇಳಿತು.

ಮುಂದಿನ ಶನಿವಾರ ತೊಟ್ಟಿಯ ಮುಂದೆ ಏಪ್ರನ್ ಕಟ್ಟಿ ನಿಂತವಳು ಫೆಮಿಯಾ. ಸೊಂಟಕ್ಕೆ ಒಂದು ಕೈ ಕೊಟ್ಟು ಬಗ್ಗಿ ನನ್ನ ತಲೆಗೆ ನೀರು ಹಾಕಿದಳು. ಅವಳ ಮುಖ ನನ್ನ ಮುಖದ ಮೇಲೇ ಇತ್ತು, ವಯಸ್ಸಾಗಿದೆ ಎಂದು ಅವತ್ತು ನನಗೆ ಕಂಡಿತು. ಪರದೆಯ ಹಿಂದೆ ಯಂತ್ರ ಓಡುತ್ತಿತ್ತು. ಅದರ ಹಳೆಯ ಟೋಪಿಗಳು ತೊಳೆಸಿಕೊಂಡು ನಮ್ಮ ಟೋಪಿಗಳ ಜೊತೆಗೇ ಹಗ್ಗದ ಮೇಲೆ ಒಣಗುತ್ತಿದ್ದವು.

"ಹುಡುಗಿ ಕೈ ಚೆನ್ನಾಗಿತ್ತು ಫೆಮಿಯಾ," ಎಂದೆ.

"ಗೊತ್ತು," ಎಂದಳು. ನನ್ನ ತಲೆ ಉಜ್ಜುವುದನ್ನು ನಿಲ್ಲಿಸಿ ಪರದೆಯ ಕಡೆ ಕಿವಿಗೊಟ್ಟಳು. "ಅಷ್ಟು ಕಾದಿತ್ತು, ಅಷ್ಟು ಗಾಳಿ ಕುಡೀತು. ಕೇಳು, ಒಂದು ಗೊರಗೊರ ಇಲ್ಲ. ಬಾಯಿ ನೆಟ್ಟಗಿದೆ."